ಯಕ್ಷಗಾನದ ರಾತ್ರಿ ವಿಡಿಯೊಗಳಿಗೆ ಯಾವ ಗ್ರಾಫಿಕ್ಸ್ ಕಾರ್ಡ್: ಆರ್‌ಟಿಎಕ್ಸ್ 3060 ಒಳ್ಳೆಯದೋ, 4060 ಒಳ್ಳೆಯದೋ?

ಚೌಕಿಮನೆ:

ಕುಂದಾಪುರದಿಂದ ಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಉಪನಯನಗಳ ಕೆಲಸ ಹೊಟ್ಟೆಪಾಡಿಗೆ. ಉಳಿದ ರಾತ್ರಿಗಳೆಲ್ಲ ಯಕ್ಷಗಾನಕ್ಕೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ವಾರಕ್ಕೆ ಎರಡು ರಾತ್ರಿಯಾದರೂ ರಂಗಸ್ಥಳದ ಎದುರು ಕ್ಯಾಮೆರಾ ಇಟ್ಟುಕೊಂಡು ನಿಂತಿರುತ್ತೇನೆ. ಚಿತ್ರೀಕರಿಸಿದ್ದನ್ನು ಎಡಿಟ್ ಮಾಡಲು ಪುರುಸೊತ್ತು ಸಿಗುವುದು ಮಳೆಗಾಲದಲ್ಲಿ ಮಾತ್ರ.

ನನ್ನ ಕಂಪ್ಯೂಟರಿನಲ್ಲಿ ಇರುವುದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 32 ಜಿಬಿ ರ‍್ಯಾಮ್, 550 ವಾಟಿನ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಹಳೆಯ ಜಿಟಿಎಕ್ಸ್ 1050 ಟಿಐ, 4 ಜಿಬಿಯದು. ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಯನ್ನು ಹಣ ಕೊಟ್ಟು ಕೊಂಡೆ. ನಾಯ್ಸ್ ರಿಡಕ್ಷನ್ (ಕತ್ತಲಲ್ಲಿ ಹಿಡಿದ ಚಿತ್ರದ ಚುಕ್ಕೆಗಳನ್ನು ಅಳಿಸುವ) ಸೌಲಭ್ಯ ಅದರ ಉಚಿತ ಆವೃತ್ತಿಯಲ್ಲಿ ಇಲ್ಲ, ನನಗೆ ಅದಿಲ್ಲದೆ ಆಗುವುದಿಲ್ಲ.

ಏಕೆ ಆಗುವುದಿಲ್ಲವೆಂದರೆ, ಮೂರು ವರ್ಷಗಳ ಹಿಂದೆ ಒಂದು ಬಯಲಾಟದಲ್ಲಿ ನಮ್ಮ ಸೀಮೆಯ ಹಿರಿಯ ಕಲಾವಿದರೊಬ್ಬರ ಬಣ್ಣದ ವೇಷವನ್ನು ಚಿತ್ರೀಕರಿಸಿದ್ದೆ. ಅವರು ಹಟ ಹಿಡಿದು ವಿದ್ಯುತ್ ದೀಪಗಳನ್ನು ಆರಿಸಿ, ದೊಂದಿಯ ಬೆಳಕಿನಲ್ಲೇ ಒಡ್ಡೋಲಗ (ವೇಷದ ರಂಗಪ್ರವೇಶ) ಮಾಡಿದ್ದರು. ರಾಳದ ಪುಡಿ ಎರಚಿದಾಗ ಒಮ್ಮೆ ಭಗ್ಗನೆ ಬೆಳಕು, ಮರುಕ್ಷಣ ಕತ್ತಲು. ಕ್ಯಾಮೆರಾದ ಐಎಸ್ಒ, ಅಂದರೆ ಬೆಳಕಿನ ಸಂವೇದನೆಯನ್ನು, 12800ಕ್ಕೆ ಏರಿಸದೆ ನನಗೆ ಬೇರೆ ದಾರಿ ಇರಲಿಲ್ಲ. ಹದಿನೆಂಟು ನಿಮಿಷಗಳ ಆ ದೃಶ್ಯ ಪೂರ್ತಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅವರು ಈಗ ಮೊಣಕಾಲು ನೋವಿನಿಂದ ಗೆಜ್ಜೆ ಕಟ್ಟುವುದನ್ನೇ ಬಿಟ್ಟಿದ್ದಾರೆ. ಅವರ ಪೂರ್ತಿ ಒಡ್ಡೋಲಗದ ಬೇರೆ ದಾಖಲೆ ಅವರ ಮನೆಯವರ ಬಳಿಯೂ ಇಲ್ಲ. ಅದನ್ನು ಸ್ವಚ್ಛಗೊಳಿಸಿ ಅವರಿಗೇ ತೋರಿಸಬೇಕು ಎಂಬುದು ನನ್ನ ಆಸೆ. ಹಳೆಯ ಕಾರ್ಡಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ ಗ್ರಾಫಿಕ್ಸ್ ಮೆಮೊರಿ ತುಂಬಿದೆ ಎಂಬ ಸಂದೇಶ ಬಂದು ಎಲ್ಲವೂ ನಿಲ್ಲುತ್ತದೆ.

ಈಗ ಎರಡು ದಾರಿಗಳಿವೆ. ಕುಮಟಾ ಕಡೆಯ ಒಬ್ಬರು ಸ್ಟುಡಿಯೊ ಮುಚ್ಚುತ್ತಿದ್ದಾರೆ, ಅವರ 12 ಜಿಬಿಯ 3060 ಸಿಗುತ್ತದೆ. ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಅಕ್ಕನ ಮಗನ 4060 ಸಿಗುತ್ತದೆ. ಅವನು ಇನ್ನೂ ದೊಡ್ಡ ಕಾರ್ಡಿಗೆ ಹೋಗುತ್ತಿದ್ದಾನೆ. 4060ರಲ್ಲಿ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳು ಕಡಿಮೆ, ಮೆಮೊರಿಯೂ 8 ಜಿಬಿ ಮಾತ್ರ, ಆದರೂ ಅದೇ ಹೆಚ್ಚು ವೇಗದ್ದು ಎಂದು ಎಲ್ಲರೂ ಹೇಳುತ್ತಾರೆ. ಹೇಗೆ? ನನ್ನ ಕೆಲಸಕ್ಕೆ ಯಾವುದು ಸರಿ?

ಎಸ್.ಪಿ. ರಸ್ತೆ:

4060 ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವುದೇ ನನ್ನ ಕಸುಬು, ಎರಡೂ ಕಾರ್ಡುಗಳನ್ನು ಸಾಕಷ್ಟು ಕೂರಿಸಿದ್ದೇನೆ.

ಬೇರೆ ಬೇರೆ ಪೀಳಿಗೆಯ ಕಾರ್ಡುಗಳ ಕೋರ್ ಎಣಿಸಿ ಹೋಲಿಸಬಾರದು. 3060 ಬಂದದ್ದು 2021ರ ಫೆಬ್ರುವರಿಯಲ್ಲಿ: 3584 ಕೋರ್‌ಗಳು, ಗರಿಷ್ಠ ವೇಗ 1777 ಮೆಗಾಹರ್ಟ್ಸ್. 4060 ಬಂದದ್ದು 2023ರ ಜೂನ್‌ನಲ್ಲಿ: 3072 ಕೋರ್‌ಗಳು, ಆದರೆ ವೇಗ 2460 ಮೆಗಾಹರ್ಟ್ಸ್. ಕೋರ್ ಸಂಖ್ಯೆಯನ್ನು ವೇಗದಿಂದ ಗುಣಿಸಿ, ಪ್ರತಿ ಕೋರ್ ಒಂದು ಬಡಿತಕ್ಕೆ ಎರಡು ಲೆಕ್ಕ ಮಾಡುತ್ತದೆ ಎಂದು ಹಿಡಿದರೆ ಹಳೆಯದಕ್ಕೆ 12.7 ಟೆರಾಫ್ಲಾಪ್ (ಸೆಕೆಂಡಿಗೆ ಅಷ್ಟು ಲಕ್ಷ ಕೋಟಿ ಲೆಕ್ಕ), ಹೊಸದಕ್ಕೆ 15.1. ಆಳುಗಳು ಕಡಿಮೆ, ಕೈ ಚುರುಕು. 1080 ಪಿಕ್ಸೆಲ್ ಆಟಗಳಲ್ಲಿ 4060 ಸಾಮಾನ್ಯವಾಗಿ ಶೇಕಡ 15ರಿಂದ 20ರಷ್ಟು ಮುಂದಿರುತ್ತದೆ.

ವಿದ್ಯುತ್ ಲೆಕ್ಕವನ್ನೂ ನೋಡಿ. 3060ರ ಮಿತಿ 170 ವಾಟ್, 4060ರದ್ದು 115 ವಾಟ್. ದಿನಕ್ಕೆ ಆರು ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ ಹತ್ತು ಯೂನಿಟ್ ವ್ಯತ್ಯಾಸ. ಬಿಲ್ಲಿನಲ್ಲಿ ಅದು ದೊಡ್ಡದಲ್ಲ, ನಿಮ್ಮ ಯುಪಿಎಸ್‌ಗೆ ದೊಡ್ಡದು. ಇನ್ನೊಂದು ಲಾಭವೆಂದರೆ 4060 ಎವಿ1 ಎಂಬ, ಫೈಲ್ ಚಿಕ್ಕದಾಗಿಸುವ ಮಾದರಿಯಲ್ಲಿ ವಿಡಿಯೊ ಬರೆಯಬಲ್ಲದು. 3060 ಎವಿ1 ಅನ್ನು ಓದುತ್ತದೆ, ಬರೆಯುವುದಿಲ್ಲ. ಹಳ್ಳಿಯ ಇಂಟರ್ನೆಟ್‌ನಲ್ಲಿ ಯೂಟ್ಯೂಬ್‌ಗೆ ಏರಿಸುವಾಗ ಫೈಲ್ ಚಿಕ್ಕದಾದಷ್ಟೂ ಒಳ್ಳೆಯದಲ್ಲವೇ?

ಹಿನ್ನೀರು:

ಮೇಲಿನವರು ಹೇಳಿದ ಅಂಕಿಗಳು ಸರಿಯಾಗಿವೆ. ಆದರೆ ಅವರು ಹೇಳುತ್ತಿರುವುದು ಆಟಗಳ ಮಾತು. ಸಾಗರದಲ್ಲಿ ಕುಳಿತು ಸಾಕ್ಷ್ಯಚಿತ್ರಗಳಿಗೆ ಬಣ್ಣ ತಿದ್ದುವ ಕೆಲಸ ಮಾಡುವವನಾಗಿ ನಾನು 3060 ಕಡೆಗೆ ವಾಲುತ್ತೇನೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಬಳಿ ಇರುವುದು ಮತ್ತೆ ಸಿಗದ ದೃಶ್ಯ.

ರಿಸಾಲ್ವ್ ಒಳಗೆ ಪ್ರತಿ ಪಿಕ್ಸೆಲ್ಲನ್ನೂ 32 ಬಿಟ್ ನಿಖರತೆಯಲ್ಲಿ ಇಟ್ಟುಕೊಳ್ಳುತ್ತದೆ. 3840ಕ್ಕೆ 2160ರ ಒಂದು ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳು. ಪ್ರತಿಯೊಂದಕ್ಕೂ ನಾಲ್ಕು ಬೆಲೆಗಳು, ಬೆಲೆಗೆ ನಾಲ್ಕು ಬೈಟ್. ಒಂದೇ ಫ್ರೇಮ್‌ಗೆ 133 ಎಂಬಿ ಆಯಿತು. ಟೆಂಪೊರಲ್ ನಾಯ್ಸ್ ರಿಡಕ್ಷನ್ ಒಂದು ಫ್ರೇಮ್ ನೋಡಿ ಸುಮ್ಮನಾಗುವುದಿಲ್ಲ. ಅಕ್ಕಪಕ್ಕದ ಫ್ರೇಮ್‌ಗಳನ್ನು ಒಟ್ಟಿಗೆ ಹರಡಿಕೊಂಡು, ಯಾವ ಚುಕ್ಕೆ ಎಲ್ಲದರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಮಿನುಗಿ ಮಾಯವಾಯಿತು ಎಂದು ಹುಡುಕುತ್ತದೆ. ಐದು ಫ್ರೇಮ್ ಇಟ್ಟರೆ ಕಚ್ಚಾ ಸಾಮಗ್ರಿಯೇ 665 ಎಂಬಿ. ಅದರ ಮೇಲೆ ಚಲನೆಯ ಲೆಕ್ಕ, ನಡುವಿನ ಪ್ರತಿಗಳು, ನೀವು ಹಾಕುವ ತಿದ್ದುಪಡಿಯ ಒಂದೊಂದು ಹಂತದ, ಅಂದರೆ ನೋಡ್‌ನ ಪಾಲು ಬೇರೆ. 4060ರ 8 ಜಿಬಿ ತುಂಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ವಿಂಡೋಸ್ ಮತ್ತು ಎರಡನೆಯ ಪರದೆ ಅದರಲ್ಲಿ ಮೊದಲೇ ಒಂದಿಷ್ಟು ತಿಂದಿರುತ್ತವೆ.

ಈಗ ಮೆಮೊರಿಯ ದಾರಿ. 3060ರದ್ದು 192 ಬಿಟ್ ಅಗಲ, ಸೆಕೆಂಡಿಗೆ 360 ಜಿಬಿ ಸಾಗಿಸುತ್ತದೆ. 4060ರದ್ದು 128 ಬಿಟ್, 272 ಜಿಬಿ. ಈ ಕೊರತೆ ತುಂಬಲು ಎನ್‌ವಿಡಿಯಾ 4060ರ ಎಲ್2 ಕ್ಯಾಶ್ ಎಂಬ, ಚಿಪ್ಪಿನೊಳಗಿನ ಸಣ್ಣ ವೇಗದ ಮೆಮೊರಿಯನ್ನು 24 ಎಂಬಿಗೆ ಏರಿಸಿತು. 3060ರಲ್ಲಿ ಅದು 3 ಎಂಬಿ ಮಾತ್ರ. ಆಟಗಳಲ್ಲಿ ಒಂದೇ ದತ್ತಾಂಶ ಮತ್ತೆ ಮತ್ತೆ ಬೇಕಾಗುವುದರಿಂದ ಈ ಉಪಾಯ ಚೆನ್ನಾಗಿ ಫಲಿಸಿದೆ. ವಿಡಿಯೊದಲ್ಲಿ ಹಾಗಲ್ಲ. ಹೊಸ ಹೊಸ ಫ್ರೇಮ್‌ಗಳು ಹೊಳೆಯಂತೆ ಹರಿದು ಬರುತ್ತಲೇ ಇರುತ್ತವೆ, 133 ಎಂಬಿಯ ಫ್ರೇಮ್ 24 ಎಂಬಿಯ ಕ್ಯಾಶ್‌ನಲ್ಲಿ ಹಿಡಿಸುವುದಿಲ್ಲ.

ನಿಮ್ಮ ಮದರ್‌ಬೋರ್ಡ್ ಬಗ್ಗೆಯೂ ಒಂದು ಮಾತು. ಬಿ450ರಲ್ಲಿ ಕಾರ್ಡ್ ಕೂರುವ ಜಾಗ ಪಿಸಿಐ ಎಕ್ಸ್‌ಪ್ರೆಸ್ 3.0. 3060 ಹದಿನಾರು ಲೇನ್ (ದತ್ತಾಂಶ ಸಾಗುವ ಹಾದಿ) ಬಳಸುತ್ತದೆ, 4060 ಎಂಟನ್ನು ಮಾತ್ರ. ಹೊಸ 4.0 ಬೋರ್ಡ್‌ನಲ್ಲಿ ಎಂಟು ಲೇನ್ ಸಾಕು. ನಿಮ್ಮಲ್ಲಿ ಅದು ಸೆಕೆಂಡಿಗೆ 8 ಜಿಬಿಯ ಒಳಗೆ ನಿಲ್ಲುತ್ತದೆ. 3060 ಅದರ ಎರಡರಷ್ಟು ಪಡೆಯುತ್ತದೆ. ಕಾರ್ಡಿನ ಮೆಮೊರಿ ಖಾಲಿ ಇರುವವರೆಗೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ತುಂಬಿ, ಉಕ್ಕಿದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗತೊಡಗಿದರೆ 272ರ ಹೆದ್ದಾರಿಯಿಂದ 8ರ ಕಾಲುದಾರಿಗೆ ಇಳಿದಂತೆ. ಅಥವಾ ರಿಸಾಲ್ವ್ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಆಗ ಶೇಕಡ 20ರ ವೇಗ ಇದ್ದೇನು ಪ್ರಯೋಜನ?

ಕೊಳ್ಳುವ ಮುನ್ನ ಒಂದು ಎಚ್ಚರಿಕೆ: 2022ರಲ್ಲಿ 3060 ಹೆಸರಿನಲ್ಲೇ 8 ಜಿಬಿಯ ಕಾರ್ಡೂ ಬಂತು. ಅದು 128 ಬಿಟ್‌ನದು, 240 ಜಿಬಿ ಸಾಗಣೆ. ನಿಮಗೆ ಬೇಡವೇ ಬೇಡ. ಜಿಪಿಯು-ಝಡ್ ತಂತ್ರಾಂಶ ತೆರೆದು ಮೆಮೊರಿ 12 ಜಿಬಿ, ಬಸ್ ಅಗಲ 192 ಬಿಟ್ ಎಂದು ಕಣ್ಣಾರೆ ನೋಡಿಕೊಳ್ಳಿ. 2022ರ ಸೆಪ್ಟೆಂಬರ್‌ವರೆಗೆ ಈಥೀರಿಯಮ್ ಗಣಿಗಾರಿಕೆಯಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡುಗಳೂ ಮಾರುಕಟ್ಟೆಯಲ್ಲಿವೆ, ಹಾಗಾಗಿ ಬಿಲ್ ಕೇಳಿ.

ಚೌಕಿಮನೆ:

ಇಬ್ಬರಿಗೂ ವಂದನೆಗಳು. ಕುಮಟಾದವರು ದೊಡ್ಡ ಮನಸ್ಸು ಮಾಡಿ, ಹಣ ಮುಟ್ಟದೆಯೇ ನಾಲ್ಕು ದಿನ ಇಟ್ಟುಕೊಂಡು ನೋಡಿ ಎಂದು ಕಾರ್ಡನ್ನು ಬಸ್ಸಿನಲ್ಲಿ ಕಳಿಸಿದರು. ಅಕ್ಕನ ಮಗ ವಾರಾಂತ್ಯಕ್ಕೆ ಮಣಿಪಾಲದಿಂದ ಬರುವಾಗ 4060 ತಂದ. ಎರಡನ್ನೂ ನನ್ನದೇ ಕಂಪ್ಯೂಟರಿನಲ್ಲಿ ಕೂರಿಸಿ, ಪ್ರತಿಸಲ ಡ್ರೈವರನ್ನು ಹೊಸದಾಗಿ ಹಾಕಿ ಪರೀಕ್ಷಿಸಿದೆ.

ಫಲಿತಾಂಶ ನೋಡಿ ತಲೆ ಕೆಟ್ಟಿದೆ. ಸಭಾಂಗಣದಲ್ಲಿ ಒಳ್ಳೆಯ ಬೆಳಕಿನಲ್ಲಿ ಹಿಡಿದ ಹನ್ನೆರಡು ನಿಮಿಷಗಳ ಒಂದು ತುಣುಕು. ಬಣ್ಣ ತಿದ್ದಿದ್ದು ಬಿಟ್ಟರೆ ಬೇರೇನೂ ಇಲ್ಲ. ಎರಡು ಕಾರ್ಡುಗಳಿಗೂ ಹಿಡಿದ ಸಮಯ ಒಂದೇ, ಕೆಲವು ಸೆಕೆಂಡುಗಳ ಅಂತರ ಅಷ್ಟೆ. ಟೈಮ್‌ಲೈನ್ ಓಡಿಸಿದರೆ ಎರಡರಲ್ಲೂ ತಡವರಿಸುತ್ತದೆ. ಹಳೆಯ 1050 ಟಿಐ ಕೂಡ ಹೀಗೆಯೇ ತಡವರಿಸುತ್ತಿತ್ತು! ಹಾಗಾದರೆ ಹಣ ಏಕೆ ಹಾಕಬೇಕು?

ಹಿನ್ನೀರು:

ಕ್ಯಾಮೆರಾ ಯಾವ ಮಾದರಿಯಲ್ಲಿ ಬರೆಯುತ್ತಿದೆ ಎಂದು ಮೊದಲೇ ಕೇಳಬೇಕಿತ್ತು, ನನ್ನಿಂದ ತಪ್ಪಾಯಿತು. ಎಚ್.265, 10 ಬಿಟ್, 4:2:2 (ಬಣ್ಣದ ವಿವರವನ್ನು 4:2:0ಕ್ಕಿಂತ ಹೆಚ್ಚು ಉಳಿಸುವ ಬಗೆ) ಇರಬಹುದೇ? ಕೆಲಸ ನಡೆಯುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಎಷ್ಟಿದೆ?

ಚೌಕಿಮನೆ:

ಹೌದು, ಅದೇ. ನಡುತಿಟ್ಟಿನ ಕಸೆ ಸೀರೆಯ ಕೆಂಪು ಹಳದಿ ಚೌಕುಳಿಗಳು 4:2:0ರಲ್ಲಿ ಅಂಚಿನಲ್ಲಿ ಕಲಸಿಹೋಗುತ್ತವೆ ಎಂದು ಎರಡು ವರ್ಷಗಳಿಂದ 4:2:2ರಲ್ಲೇ ಹಿಡಿಯುತ್ತಿದ್ದೇನೆ. ಪ್ರೊಸೆಸರ್ ಶೇಕಡ 100ಕ್ಕೆ ಅಂಟಿಕೊಂಡಿದೆ, ಗ್ರಾಫಿಕ್ಸ್ ಕಾರ್ಡ್ ಶೇಕಡ 30 ದಾಟುವುದಿಲ್ಲ.

ಹಿನ್ನೀರು:

ಗಂಟು ಅಲ್ಲೇ ಇದೆ. 30ರ ಸರಣಿಯಾಗಲಿ 40ರ ಸರಣಿಯಾಗಲಿ, ಎನ್‌ವಿಡಿಯಾದ ವಿಡಿಯೊ ಓದುವ ಭಾಗಕ್ಕೆ 4:2:0 ಗೊತ್ತು, ಎಚ್.265ರ 4:4:4 ಕೂಡ ಗೊತ್ತು, ನಡುವಿನ 4:2:2 ಗೊತ್ತಿಲ್ಲ. ಎನ್‌ವಿಡಿಯಾದಲ್ಲಿ ಅದು ಬಂದದ್ದು 50ರ ಸರಣಿಯಿಂದ. ಇಂಟೆಲ್‌ನ 11ನೆಯ ಪೀಳಿಗೆಯಿಂದೀಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಎಚ್.265ರ 4:2:2 ಅನ್ನು ಸಲೀಸಾಗಿ ಓದುತ್ತದೆ. ನಿಮ್ಮ ರೈಜನ್ 3600ರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಹಾಗಾಗಿ ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಕಾರ್ಡ್ ಕೈಕಟ್ಟಿ ಕಾಯುತ್ತದೆ. ನೀವು ಅಳೆದದ್ದು ಎರಡು ಕಾರ್ಡುಗಳನ್ನಲ್ಲ, ಒಂದೇ ಪ್ರೊಸೆಸರನ್ನು ಎರಡು ಸಲ.

ತುಣುಕುಗಳನ್ನು ಡಿಎನ್ಎಕ್ಸ್ಎಚ್ಆರ್ ಎಚ್‌ಕ್ಯುಎಕ್ಸ್ ಮಾದರಿಗೆ ಬದಲಿಸಿಕೊಂಡು ಮತ್ತೆ ಪರೀಕ್ಷಿಸಿ. ಅದನ್ನು ಓದುವುದು ಪ್ರೊಸೆಸರ್‌ಗೆ ಹಗುರ, ಬಣ್ಣದ ಗುಣಮಟ್ಟವೂ ಉಳಿಯುತ್ತದೆ. ಜಾಗ ಮಾತ್ರ ವಿಪರೀತ ಬೇಕು. ಹದಿನೆಂಟು ನಿಮಿಷಕ್ಕೆ ನೂರು ಜಿಬಿಯ ಹತ್ತಿರ ಹೋಗುತ್ತದೆ.

ಎಸ್.ಪಿ. ರಸ್ತೆ:

ಇದು ನನಗೂ ಹೊಸ ವಿಷಯ. ಮದುವೆ ವಿಡಿಯೊದವರಿಗೆ ಕಂಪ್ಯೂಟರ್ ಕೊಡುವಾಗ ಇನ್ನು ಮೇಲೆ ಕ್ಯಾಮೆರಾ ಯಾವುದೆಂದು ಮೊದಲು ಕೇಳುತ್ತೇನೆ. ಹೊಸ ಫಲಿತಾಂಶಕ್ಕೆ ಕಾಯುತ್ತಿದ್ದೇನೆ. 4060ರ ಮೇಲಿನ ನನ್ನ ನಂಬಿಕೆ ಇನ್ನೂ ಹೋಗಿಲ್ಲ.

ಚೌಕಿಮನೆ:

ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಇದೇ ಕೆಲಸ. ಹೊರಗೆ ಧೋ ಎಂದು ಮಳೆ, ಎರಡು ಸಲ ಕರೆಂಟ್ ಹೋಯಿತು.

ಅದೇ ಸಭಾಂಗಣದ ತುಣುಕು ಡಿಎನ್ಎಕ್ಸ್ಎಚ್ಆರ್‌ಗೆ ಬಂದ ಮೇಲೆ ಕಾರ್ಡುಗಳ ನಿಜವಾದ ಓಟ ಕಾಣಿಸಿತು. 4060 ಐದು ನಿಮಿಷಗಳಲ್ಲಿ ಮುಗಿಸಿತು, 3060ಕ್ಕೆ ಆರು ನಿಮಿಷಕ್ಕೆ ತುಸು ಕಡಿಮೆ ಹಿಡಿಯಿತು. ಎಸ್.ಪಿ. ರಸ್ತೆಯವರು ಹೇಳಿದ ಲೆಕ್ಕ ಇಲ್ಲಿ ಸರಿಹೋಗುತ್ತದೆ. ಫ್ಯಾನಿನ ಸದ್ದು ಕೂಡ 4060ರಲ್ಲಿ ಕಡಿಮೆ.

ಅನಂತರ ಒಡ್ಡೋಲಗ. ಹಗುರವಾದ ನಾಯ್ಸ್ ರಿಡಕ್ಷನ್, ಒಂದೇ ನೋಡ್, ಎರಡು ಫ್ರೇಮ್ ಇಟ್ಟಾಗಲೂ 4060 ಮುಂದೆಯೇ ಇತ್ತು. ಆದರೆ ಚಿತ್ರ ಸಾಕಷ್ಟು ತಿಳಿಯಾಗಲಿಲ್ಲ, ಕಪ್ಪಿನ ಭಾಗದಲ್ಲಿ ರವೆ ಹಾಗೆಯೇ ಕುಣಿಯುತ್ತಿತ್ತು. ಐದು ಫ್ರೇಮ್‌ಗೆ ಏರಿಸಿ, ಜೊತೆಗೆ ಸ್ಪೇಷಿಯಲ್ (ಒಂದೇ ಫ್ರೇಮಿನೊಳಗೆ ಚುಕ್ಕೆ ಅಳಿಸುವ) ಶೋಧನೆ ಹಾಕಿ, ಮುಖಕ್ಕೆ ಬೇರೆಯಾಗಿ ಒಂದು ಮಾಸ್ಕ್ ಕೊಟ್ಟೆ. 4060 ಎರಡು ನಿಮಿಷದ ದೃಶ್ಯ ದಾಟಿತು, ಮೂರನೆಯದಕ್ಕೆ ಮೆಮೊರಿ ತುಂಬಿತೆಂದು ನಿಂತಿತು. ಕಂಪ್ಯೂಟರ್ ಮರುಪ್ರಾರಂಭಿಸಿ ಎರಡನೆಯ ಪರದೆಯನ್ನೂ ತೆಗೆದು ನೋಡಿದೆ, ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು. ಅದೇ ಕೆಲಸವನ್ನು 3060 ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡು, ಒಮ್ಮೆಯೂ ತಡೆಯದೆ ಕೊನೆ ಮುಟ್ಟಿಸಿತು. ನಡುವೆ ನೋಡಿದಾಗ ಅದರ ಮೆಮೊರಿ ಬಳಕೆ 9 ಜಿಬಿಯ ಮೇಲೆ ಇತ್ತು. ಅಂದರೆ 8ಕ್ಕೆ ಹಿಡಿಸದ, 12ಕ್ಕೆ ಹಿಡಿಸುವ ಕೆಲಸ ನನ್ನದು. ದೃಶ್ಯವನ್ನು ತುಂಡು ಮಾಡಿ, ಮೊದಲ ನೋಡ್‌ನ ಫಲಿತಾಂಶವನ್ನು ಡಿಸ್ಕಿಗೆ ಬರೆಸಿಕೊಂಡು ಮುಂದುವರಿದರೆ 4060ರಲ್ಲೂ ಸಾಧ್ಯವಾಗುತ್ತದೆ ಎಂಬುದನ್ನು ಹೇಳಲೇಬೇಕು, ಮಾಡಿ ನೋಡಿದ್ದೇನೆ. ಒಂದು ವಿಡಿಯೊಗೆ ಆ ತಾಳ್ಮೆ ಇದೆ. ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಇಂಥ ನಲವತ್ತು ರಾತ್ರಿಗಳು ಕಾಯುತ್ತಿವೆ.

3060 ಇಟ್ಟುಕೊಂಡೆ. ಅಕ್ಕನ ಮಗನಿಗೆ ಬೇಸರವಿಲ್ಲ, ಅವನ ಹಾಸ್ಟೆಲಿನ ಗೆಳೆಯನೊಬ್ಬ ಆಟಕ್ಕೆಂದು 4060 ಕೊಂಡ. ಅವನಿಗೆ ಅದೇ ಸರಿಯಾದ ಕಾರ್ಡ್.

ಕರೆಂಟ್ ಹೋದಾಗ ನನ್ನ 600 ವಿಎ ಯುಪಿಎಸ್ 3060ರ ಭಾರಕ್ಕೆ ಕೂಗಿಕೊಂಡಿತು. ಅದು ಕೊಡಬಲ್ಲದ್ದು 360 ವಾಟ್ ಎಂದು ಹಿಂಭಾಗದಲ್ಲಿ ಬರೆದದ್ದನ್ನು ಅವತ್ತೇ ನಾನು ಓದಿದ್ದು. ಎರಡು ಪರದೆಗಳೂ ಅದಕ್ಕೇ ಜೋಡಿಸಿದ್ದವು. ಈಗ 1 ಕೆವಿಎ ಯುಪಿಎಸ್ ಹೇಳಿದ್ದೇನೆ; ಕೊಳ್ಳುವವರು ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಿನ್ನೀರು:

ಬಹಳ ಸಂತೋಷ. ಕಲಾವಿದರಿಗೆ ತೋರಿಸಿದಿರಾ?

ಚೌಕಿಮನೆ:

ನಿನ್ನೆ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಮನೆಗೆ ಹೋಗಿದ್ದೆ. ಚಾವಡಿಯಲ್ಲಿ ಕುಳಿತು ಹದಿನೆಂಟು ನಿಮಿಷ ಮಾತಿಲ್ಲದೆ ನೋಡಿದರು, ಬಲಗೈ ಬೆರಳುಗಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಮುಖವರ್ಣಿಕೆಯ ಗೆರೆಗಳು ಇಷ್ಟು ಸ್ಪಷ್ಟವಾಗಿ ಕಾಣುತ್ತವೆಯೇ ಎಂದು ಮನೆಯವರು ಅಚ್ಚರಿಪಟ್ಟರು. ಮುಗಿದ ಮೇಲೆ ಕಲಾವಿದರು ಕೇಳಿದ್ದು ಒಂದೇ ಮಾತು: "ಬೆಂಕಿ ಯಾಕೆ ಸಣ್ಣದಾಯಿತು?"

ಮನೆಗೆ ಬಂದು ಮೂಲ ದೃಶ್ಯದ ಪಕ್ಕದಲ್ಲಿಟ್ಟು ನೋಡಿದೆ. ಅವರು ಹೇಳಿದ್ದು ನಿಜ. ರಾಳ ಹತ್ತಿಕೊಂಡಾಗ ಮೇಲಕ್ಕೆ ಹಾರುವ ಕಿಡಿಗಳು ಒಂದೆರಡು ಫ್ರೇಮ್‌ಗಳಲ್ಲಿ ಮಾತ್ರ ಇರುತ್ತವೆ. ಐದು ಫ್ರೇಮ್‌ಗಳನ್ನು ಹೋಲಿಸುವ ಲೆಕ್ಕಕ್ಕೆ ಅವೂ ರವೆಯ ಕಾಳುಗಳೇ, ಅದು ಒರೆಸಿ ಹಾಕಿದೆ. ಜ್ವಾಲೆಯ ನಡುಭಾಗ ಉಳಿದಿದೆ, ತುದಿ ಹೋಗಿದೆ. ಮೂರು ವರ್ಷಗಳಿಂದ ಆ ದೃಶ್ಯವನ್ನು ನೂರು ಸಲ ನೋಡಿದ ನನ್ನ ಕಣ್ಣಿಗೆ ಬೀಳದ್ದು ದೊಂದಿಯ ಎದುರು ಕುಣಿದವರಿಗೆ ಒಂದೇ ನೋಟಕ್ಕೆ ಕಂಡಿತು.

ಈಗ ರಾಳ ಎರಚಿದ ಹನ್ನೊಂದು ಜಾಗಗಳನ್ನು ಗುರುತು ಹಾಕಿ, ಅಲ್ಲಿ ಟೆಂಪೊರಲ್ ಶೋಧನೆಯನ್ನು ಬೆಂಕಿಯ ಭಾಗಕ್ಕೆ ಪೂರ್ತಿ ತೆಗೆದು, ಚಲಿಸುವ ಭಾಗಗಳನ್ನು ಶೋಧನೆ ಮುಟ್ಟದಂತೆ ಮೋಷನ್ ಮಿತಿಯನ್ನು ಇಳಿಸಿದ್ದೇನೆ. ಇದಕ್ಕಾಗಿ ಇನ್ನೆರಡು ನೋಡ್‌ಗಳು ಬೇಕಾದವು, ಮೆಮೊರಿ ಬಳಕೆ 10 ಜಿಬಿ ದಾಟಿದೆ. ರೆಂಡರ್‌ಗೆ ಹಾಕಿ ಇಪ್ಪತ್ತು ನಿಮಿಷವಾಯಿತು, ಏಳನೆಯ ರಾಳದ ಹತ್ತಿರ ಬಂದಿದೆ. ಭಾನುವಾರ ಮತ್ತೆ ಅವರ ಮನೆಗೆ ಹೋಗುತ್ತೇನೆ.